ಹಳ್ಳಿಯಲ್ಲೇ ಉಳಿಯುವ ಡಾಕ್ಟರಿಗೆ ದಾರಿ ಎಲ್ಲಿದೆ? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಕರ್ನಾಟಕದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯಾಧಿಕಾರಿ. ಇಲ್ಲಿಗೆ ಬಂದು ವರ್ಷಗಳೇ ಆದವು. ಇಷ್ಟು ದಿನ ಏನೇ ಇದ್ದರೂ ತಾಲ್ಲೂಕು, ಜಿಲ್ಲಾ ಆರೋಗ್ಯಾಧಿಕಾರಿಗಳ ಮೂಲಕವೇ ಬರೆದೆ. ಆ ಕಾಗದಗಳು ಯಾವ ಫೈಲಿನಲ್ಲಿ ಮಲಗಿವೆಯೋ ಗೊತ್ತಿಲ್ಲ. ಮೊನ್ನೆ ಒಂದು ನೋಟಿಸ್ ಬಂತು ನೋಡಿ, ತಾಳ್ಮೆ ಮುಗಿಯಿತು.

ಹಳೆಯ ಹೊಡೆದಾಟದ ಕೇಸೊಂದರಲ್ಲಿ ಗಾಯದ ಸರ್ಟಿಫಿಕೇಟ್ (ವೂಂಡ್ ಸರ್ಟಿಫಿಕೇಟ್) ಕೊಟ್ಟವನು ನಾನು. ಸಾಕ್ಷಿ ಹೇಳಲು ಸಮನ್ಸ್ ಬಂತು. ಹೋಗದಿದ್ದರೆ ವಾರಂಟ್. ಹೋದೆ. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂರಿಸಿ, ಸಂಜೆ ಹೊತ್ತಿಗೆ ವಕೀಲರು ಬಂದಿಲ್ಲ ಅಂತ ಮುಂದಿನ ತಾರೀಕು ಕೊಟ್ಟು ಕಳಿಸಿದರು. ಅದೇ ವಾರ ಮೇಲಿನಿಂದ ನೋಟಿಸ್: ಸದರಿ ದಿನ ಬಯೋಮೆಟ್ರಿಕ್ ಹಾಜರಾತಿ ಇಲ್ಲ, ಅನಧಿಕೃತ ಗೈರು ಎಂದು ಏಕೆ ಪರಿಗಣಿಸಬಾರದು? ಸಮನ್ಸ್ ಪ್ರತಿ ಮೊದಲೇ ಕೊಟ್ಟಿದ್ದೆ, ಇನ್ನೊಮ್ಮೆ ಲಗತ್ತಿಸಿದೆ. ಆಮೇಲೆ ಇನ್ನೊಂದು ಪತ್ರ, ಬದಲಿ ವ್ಯವಸ್ಥೆ ಏಕೆ ಮಾಡಿರಲಿಲ್ಲ ಅಂತ. ಯಾರನ್ನು ಮಾಡಲಿ ಸಾರ್? ಇಲ್ಲಿರುವ ಡಾಕ್ಟರ್ ನಾನೊಬ್ಬನೇ. ಆ ಬಯೋಮೆಟ್ರಿಕ್ ಯಂತ್ರವನ್ನೇ ಓಪಿಡಿಯಲ್ಲಿ ಕೂರಿಸಬೇಕಿತ್ತೇನೋ.

ಬಯಲು ಪ್ರದೇಶದಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ ಅನ್ನೋ ಲೆಕ್ಕ ನಿಮಗೆ ಗೊತ್ತಿರುವುದೇ. ಅಷ್ಟೂ ಜನರ ಜ್ವರ, ಬಿಪಿ, ಶುಗರ್, ಹೆರಿಗೆ, ಕ್ಷಯ, ಲಸಿಕೆ, ಪೊಲೀಸ್ ಕೇಸಿಗೆ ಸೇರುವ ಎಂಎಲ್‌ಸಿ ತಪಾಸಣೆ, ಕೆಲವೊಮ್ಮೆ ಪೋಸ್ಟ್‌ಮಾರ್ಟಮ್. ಜೊತೆಗೆ ಕ್ಷಯದ ಲೆಕ್ಕಕ್ಕೆ ನಿಕ್ಷಯ್, ತಾಯಿ-ಮಗುವಿನ ಲೆಕ್ಕಕ್ಕೆ ಆರ್‌ಸಿಎಚ್ ಅಂತ ಪೋರ್ಟಲ್‌ಗಳು.

ಹಾವು ಕಚ್ಚಿದವರು ಬಂದರೆ ನಮ್ಮ ಲ್ಯಾಬ್ ಅಂದರೆ ಒಂದು ಒಣಗಿದ ಗಾಜಿನ ಟ್ಯೂಬು. ಎರಡು ಮಿಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ರಕ್ತಕ್ಕೆ ವಿಷ ಏರಿದೆ ಅಂತ, ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ (ಎಎಸ್‌ವಿ) ಶುರು ಮಾಡಬೇಕು. ಅದು ರೋಗಿಗೆ ಒಗ್ಗದೆ ಹೋದರೆ ಅಂತ ಅಡ್ರಿನಲಿನ್ ಪಕ್ಕದಲ್ಲೇ ಇಟ್ಟುಕೊಂಡಿರಬೇಕು. ಆ 20 ನಿಮಿಷದಲ್ಲೇ ಫೋನ್ ಬರುತ್ತದೆ: "ಡಾಕ್ಟ್ರೇ, ವಿಡಿಯೋ ಕಾನ್ಫರೆನ್ಸ್‌ಗೆ ಯಾಕೆ ಜಾಯಿನ್ ಆಗಿಲ್ಲ?"

ಇಷ್ಟೆಲ್ಲ ಮಾಡಿದರೂ ನಾವು "ಬರೀ ಎಂಬಿಬಿಎಸ್". ಮುಂದೇನು ಅಂತ ಕೇಳಿದರೆ ದಾರಿಗಳೆಲ್ಲ ಪಿಎಚ್‌ಸಿಯಿಂದ ಆಚೆಗೇ ಹೋಗುತ್ತವೆ. ಸೇವೆಯಲ್ಲಿರುವ ವೈದ್ಯರಿಗೆ ರಾಜ್ಯಗಳು ಸ್ನಾತಕೋತ್ತರ (ಪಿಜಿ) ಸೀಟು ಮೀಸಲಿಡಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು, ಒಳ್ಳೆಯದೇ. ಆದರೆ ಮೂಳೆಯದ್ದೋ ಚರ್ಮದ್ದೋ ಓದಿದವರಿಗೆ ಪಿಎಚ್‌ಸಿಯಲ್ಲಿ ಹುದ್ದೆಯೇ ಇಲ್ಲ, ವಾಪಸ್ ಬರೋದಾದರೂ ಹೇಗೆ? ಬಡ್ತಿ ಬೇಕಾದರೆ ಆಡಳಿತಕ್ಕೆ ಹೋಗಿ ರೋಗಿ ಬಿಟ್ಟು ಫೈಲು ನೋಡಬೇಕು. ಓದು ಮುಗಿಸಿದವರ ಒಂದು ವರ್ಷದ ಕಡ್ಡಾಯ ಸೇವೆಗೆ ಅಂತ 2012ರ ಕಾಯ್ದೆ ಇದೆ. ಹಾಗೆ ಬರುವ ಹುಡುಗರು ಒಳ್ಳೆಯವರೇ, ಆದರೆ ನೀಟ್ ಪಿಜಿ ಪ್ರವೇಶ ಪರೀಕ್ಷೆಯ ಪುಸ್ತಕ ಮೇಜಿನ ಮೇಲೇ ಇರುತ್ತದೆ. ಊರು ಪರಿಚಯ ಆಗುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಒಂದು ವರ್ಷಕ್ಕೆ ಬರುವವರಿಗೆ ಕಾಯ್ದೆ ಮಾಡಿದ್ದೀರಿ. ಉಳಿಯುವವರಿಗೆ ಏನು ಮಾಡಿದ್ದೀರಿ?

ನಾನು ಕೇಳುತ್ತಿರುವುದು ವರ್ಗಾವಣೆ ಅಲ್ಲ. ಫ್ಯಾಮಿಲಿ ಮೆಡಿಸಿನ್ ಪಿಜಿ ಸೀಟು ಕೇಳುತ್ತಿದ್ದೇನೆ. ನಾವು ದಿನಾ ಮಾಡುವ ಕೆಲಸಕ್ಕೇ ಅಂತ ಇರುವ ಓದು ಅದು. ಅದರ ಎಂಡಿ ಕೋರ್ಸಿಗೆ ಒತ್ತು ಕೊಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೇ ಇದೆ, ನಿಮ್ಮ ಇಲಾಖೆ ಓದಿಯೇ ಇರುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಸೀಟು ಜಾಸ್ತಿ ಮಾಡಿ. ಹಳ್ಳಿಯಲ್ಲಿ ದುಡಿದವರಿಗೆ ಮೊದಲು ಕೊಡಿ. ಓದಿ ಬಂದವರಿಗೆ ಪಿಎಚ್‌ಸಿಯಲ್ಲೇ ತಜ್ಞರ ದರ್ಜೆ, ತಜ್ಞರ ಸಂಬಳ ಕೊಟ್ಟು ಉಳಿಸಿಕೊಳ್ಳಿ. ಹಾಗೇ ಪ್ರತಿ ಪಿಎಚ್‌ಸಿಗೆ ಎರಡನೇ ಡಾಕ್ಟರ್ ಕೊಡಿ, ಮೊದಲನೆಯವನು ಕೋರ್ಟಿಗೋ ಜ್ವರ ಬಂದು ಮನೆಗೋ ಹೋಗಬಹುದು, ಅವನೂ ಮನುಷ್ಯನೇ ಅಲ್ವಾ?

ದಯವಿಟ್ಟು ಇದಕ್ಕೂ ಒಂದು ಸಮಿತಿ ಅನ್ನಬೇಡಿ. ದೇಶದ ಆರೋಗ್ಯ ವ್ಯವಸ್ಥೆ ಬಗ್ಗೆ ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿಯಿಂದ ಹಿಡಿದು ವರದಿಗಳಿಗೇನೂ ಬರ ಇಲ್ಲ. ಫ್ಯಾಮಿಲಿ ಮೆಡಿಸಿನ್ ಸೀಟು ಮತ್ತು ಪಿಎಚ್‌ಸಿಯಲ್ಲಿ ಅದರ ಹುದ್ದೆ, ಎರಡನ್ನೂ ಮುಂದಿನ ಬಜೆಟ್ಟಿನಲ್ಲೇ ಸೇರಿಸಿ. ಸೀಟು ಕೊಟ್ಟು ಹುದ್ದೆ ಕೊಡದಿದ್ದರೆ, ಓದಿದವರು ಖಾಸಗಿ ಆಸ್ಪತ್ರೆ ಸೇರಿಕೊಳ್ಳುತ್ತಾರೆ ಅಷ್ಟೇ.

ಇಂತಿ,
ಒಬ್ಬ ಪಿಎಚ್‌ಸಿ ಡಾಕ್ಟರ್