ಮಗಳಿಗೊಂದು ಪತ್ರ: ಹೊಸ ಬಚ್ಚಲಮನೆಯ ಬಿಸಿನೀರಿನ ವಿಚಾರ

ಧಾರವಾಡ

ಚಿ. ಸೌ. ಶೈಲಾಳಿಗೆ ಅವ್ವನ ಆಶೀರ್ವಾದಗಳು.

ಹಳೆಯ ಬಚ್ಚಲಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುತ್ತಿರುವುದಾಗಿಯೂ, ನೀರು ಕಾಯಿಸಲು ಗೀಜರ್ ಹಾಕಿಸಬೇಕೋ ಸೋಲಾರ್ ಹಾಕಿಸಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲವೆಂದೂ ನೀನು ತಿಳಿಸಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುವಂಥ ಸಂಗತಿಗಳು ಇದರಲ್ಲಿ ಇರುವುದರಿಂದ ಕಾಗದದಲ್ಲಿ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಾನಗಲ್ ತಾಲ್ಲೂಕಿನ ನಿಮ್ಮ ಊರಿಗೆ, ಆರು ಜನರ ನಿಮ್ಮ ಮನೆಗೆ, 200 ಲೀಟರಿನ ಸೋಲಾರ್ ಸರಿ. ಆದರೆ ಹಂಡೆಯನ್ನು ಮಾತ್ರ ಮಾರಬೇಡಿ. ಅದರ ಒಲೆಯನ್ನು ಒಡೆದು, ಹೊಗೆಕೊಳವೆ ಇಟ್ಟು ಹೊಸ ರೀತಿಯಲ್ಲಿ ಕಟ್ಟಿಸಿ. ಗೀಜರ್ ಬೇಡ.

ಬೇಡವೆನ್ನಲು ಕಾರಣ ಲೆಕ್ಕದಲ್ಲಿದೆ. ಒಂದು ಲೀಟರ್ ನೀರಿನ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕೆಂದು ನಾನು ಶಾಲೆಯಲ್ಲಿ ಹೇಳಿಕೊಡುತ್ತಿದ್ದುದು ನಿನಗೂ ಗೊತ್ತು. ಹಾಗೆ ಲೆಕ್ಕ ಹಾಕಿದರೆ 22 ಡಿಗ್ರಿಯ 20 ಲೀಟರ್ ನೀರನ್ನು ಮೈಗೆ ಹದವಾಗುವ 42 ಡಿಗ್ರಿಗೆ ತರಲು ಅರ್ಧ ಯೂನಿಟ್ಟಿಗೆ ತುಸು ಕಡಿಮೆ ವಿದ್ಯುತ್ತು ಖರ್ಚಾಗುತ್ತದೆ. ಆರು ಜನಕ್ಕೆ ಆರು ಬಕೆಟ್ಟು ಎಂದರೆ, ಗೀಜರಿನ ಮೈಯಿಂದ ಸೋರಿಹೋಗುವ ಶಾಖವನ್ನೂ ಸೇರಿಸಿ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವಾಗ ಚಿಂತೆಯೇಕೆ ಎಂದು ನಿನ್ನ ಮೈದುನ ಕೇಳಿದನಂತೆ. ಆ ಯೋಜನೆಯಲ್ಲಿ 200 ಯೂನಿಟ್ ಎಂಬುದು ಮೇಲಿನ ಮಿತಿ. ಪ್ರತಿ ಮನೆಗೆ ಸಿಗುವುದು 2022-23ನೇ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅಷ್ಟು ಮತ್ತು ಅದರ ಮೇಲೆ ಅಲ್ಪಸ್ವಲ್ಪ ಹೆಚ್ಚುವರಿ. ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ವರ್ಷದ ಸರಾಸರಿ ನಿಮ್ಮದು. ಆದ್ದರಿಂದ ಗೀಜರ್ ಎಳೆಯುವ ವಿದ್ಯುತ್ತಿನ ಬಹುಪಾಲಿಗೆ ಹೆಸ್ಕಾಂನವರಿಗೆ ಹಣ ಕಟ್ಟಬೇಕಾಗುತ್ತದೆ, ಒಟ್ಟು ಬಳಕೆ 200 ದಾಟಿದ ತಿಂಗಳಂತೂ ಇಡೀ ಬಿಲ್ಲು ತಲೆಯ ಮೇಲೆ ಬರುತ್ತದೆ.

ಹಳ್ಳಿಯಲ್ಲಿ ಇನ್ನೂ ಒಂದು ತೊಂದರೆಯಿದೆ. ಬೆಳಗ್ಗೆ ಎಲ್ಲರ ಮನೆಯಲ್ಲೂ ಮೋಟಾರು, ಮಿಕ್ಸರು ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜು ಇಳಿಯುತ್ತದೆ. 230 ವೋಲ್ಟಿಗೆ ಎರಡು ಕಿಲೋವಾಟ್ ಕೊಡುವ ಗೀಜರು, ವೋಲ್ಟೇಜು 180ಕ್ಕೆ ಇಳಿದಾಗ ಕೊಡುವುದು ಒಂದೂಕಾಲು ಕಿಲೋವಾಟ್ ಕೂಡ ಅಲ್ಲ, ಏಕೆಂದರೆ ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ತಕ್ಕಂತೆ ಶಾಖ ಕುಗ್ಗುತ್ತದೆ. ಮಕ್ಕಳ ಶಾಲೆಯ ಬಸ್ಸು ಬರುವ ಹೊತ್ತಿಗೆ ನೀರು ಕಾದಿರುವುದಿಲ್ಲ. ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲಿನ ಮಾತನ್ನಂತೂ ಎತ್ತಲೇಬೇಡಿ. ಚಿಕ್ಕ ಮಕ್ಕಳು ಓಡಾಡುವ, ನೆಲ ಸದಾ ಒದ್ದೆಯಾಗಿರುವ ಜಾಗದಲ್ಲಿ ಅದು ಜೀವಕ್ಕೆ ಅಪಾಯ. ಬಚ್ಚಲಮನೆಯ ಒಳಗೆ ಗ್ಯಾಸ್ ಗೀಜರನ್ನು ಕೂಡಿಸುವುದೂ ಅಷ್ಟೇ ಅಪಾಯದ್ದು. ಗಾಳಿಯಾಡದ ಕೋಣೆಯಲ್ಲಿ ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲವಾದ್ದರಿಂದ ಸ್ನಾನಕ್ಕೆ ಹೋದವರಿಗೆ ಎಚ್ಚರ ತಪ್ಪುವವರೆಗೂ ತಿಳಿಯುವುದಿಲ್ಲ.

ಇನ್ನು ಸೋಲಾರಿನ ವಿಷಯ. ಇದರಲ್ಲಿ ಎರಡು ಬಗೆಗಳಿವೆ. ತಾಮ್ರದ ಸಣ್ಣ ಕೊಳವೆಗಳಿಗೆ ಕಪ್ಪು ಹಾಳೆಯನ್ನು ಬೆಸೆದು, ಮೇಲೆ ಗಾಜು ಮುಚ್ಚಿದ ಚಪ್ಪಟೆ ಪೆಟ್ಟಿಗೆಯದು ಒಂದು. ಎರಡು ಪದರಗಳ ನಡುವಿನ ಗಾಳಿಯನ್ನು ತೆಗೆದು ಮಾಡಿದ ಗಾಜಿನ ಟ್ಯೂಬುಗಳದು ಇನ್ನೊಂದು. ಮೊದಲನೆಯದು ಗಟ್ಟಿಮುಟ್ಟಾದದ್ದು, ಬಹುಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ನಿಮ್ಮ ಬೋರಿನದು ಸಿಹಿನೀರಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಸಾಬೂನಿಗೆ ನೊರೆ ಬಾರದ, ಚಹದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವ ಸವಳು ನೀರು ನಿಮ್ಮದು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಲವಣ ಕಾದಾಗ ಸುಣ್ಣವಾಗಿ ಕೂರುತ್ತದೆ, ಅರ್ಧ ಇಂಚಿನ ತಾಮ್ರದ ಕೊಳವೆ ಕ್ರಮೇಣ ಕಟ್ಟಿಹೋಗುತ್ತದೆ. ಮುಂಡರಗಿಯ ನಿನ್ನ ಸೋದರಮಾವನ ಮನೆಯಲ್ಲಿ ಆದದ್ದು ಇದೇ. ಬಿಸಿಲು ಸುಡುತ್ತಿದ್ದರೂ ನಳದಲ್ಲಿ ಬೆಚ್ಚನೆಯ ನೀರಷ್ಟೇ ಬರುತ್ತಿತ್ತು, ಕೊಳವೆಯನ್ನು ಬಿಚ್ಚಿ ನೋಡಿದಾಗ ಒಳಗೆ ಸೀಮೆಸುಣ್ಣದಂಥ ಗಟ್ಟಿ ಸುಣ್ಣ ತುಂಬಿಕೊಂಡಿತ್ತು. ಟ್ಯೂಬಿನ ಬಾಯಿ ಅಗಲವಾಗಿರುವುದರಿಂದ ಸುಣ್ಣ ಕೆಳಗೆ ಕುಳಿತರೂ ಹರಿವು ನಿಲ್ಲುವುದಿಲ್ಲ, ಆಗಾಗ ಬಿಚ್ಚಿ ತೊಳೆದರೆ ಆಯಿತು. ಆದಕಾರಣ ನಿಮಗೆ ಟ್ಯೂಬಿನದೇ ವಾಸಿ. ನಿಮ್ಮ ಊರಿನಲ್ಲಿ ಮಂಗಗಳ ಕಾಟ ವಿಪರೀತ. ಟ್ಯೂಬುಗಳ ಮೇಲೆ ತಂತಿಯ ಜಾಳಿಗೆಯನ್ನು ಈಗಲೇ ಹೊದಿಸಿಬಿಡಿ.

ಟ್ಯೂಬಿನದಕ್ಕೆ ಒಂದು ಎಚ್ಚರಿಕೆ ಬಹಳ ಮುಖ್ಯ. ಕರೆಂಟು ಹೋಗಿ ಮೇಲಿನ ಟ್ಯಾಂಕಿಗೆ ನೀರೇರದೆ, ಸೋಲಾರೂ ಬರಿದಾಗಿ, ಒಣ ಟ್ಯೂಬುಗಳು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಕಾದಿದ್ದರೆ, ಆಗ ಕರೆಂಟು ಬಂತೆಂದು ತಣ್ಣೀರು ಬಿಟ್ಟೀರಿ, ಗಾಜು ಒಡೆಯುತ್ತದೆ. ಅಂಥ ದಿನ ತಣ್ಣೀರಿನ ವಾಲ್ವನ್ನು ಮುಚ್ಚಿಟ್ಟು ಸಂಜೆ ಬಿಸಿಲಿಳಿದ ಮೇಲೆ ಅಥವಾ ಮರುದಿನ ಸೂರ್ಯ ಹುಟ್ಟುವ ಮೊದಲು ನೀರು ತುಂಬಿಸಬೇಕು. ಇದನ್ನು ನಿನ್ನ ಮಾವನವರಿಗೆ ತಪ್ಪದೆ ಹೇಳು, ಮೋಟಾರಿನ ಗುಂಡಿ ಒತ್ತುವವರು ಅವರು.

ಸೋಲಾರಿನೊಳಗೆ ನೀರು ತಾನೇ ತಿರುಗುತ್ತದೆ, ಪಂಪು ಬೇಕಿಲ್ಲ. ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಭಾರವಾಗಿ ಟ್ಯೂಬಿಗೆ ಇಳಿಯುತ್ತದೆ. ಟ್ಯಾಂಕು ಸದಾ ತುಂಬಿರಬೇಕಾದರೆ ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಬಿಸಿನೀರಿನ ಟ್ಯಾಂಕಿನಿಂದ ಮೇಲಕ್ಕೆ ನಿಂತಿರುವ ಗಾಳಿಕೊಳವೆಯ ಬಾಯಿ, ತಣ್ಣೀರಿನ ಮಟ್ಟಕ್ಕಿಂತ ಮೇಲೆ, ತೆರೆದೇ ಇರಬೇಕು. ಅಲ್ಲಿಂದ ನೀರು ತೊಟ್ಟಿಕ್ಕುತ್ತದೆಂದು ಕೆಲವು ಪ್ಲಂಬರುಗಳು ಅದಕ್ಕೆ ಬಿರಡೆ ಹಾಕಿ ಹೋಗುತ್ತಾರೆ. ಆಮೇಲೆ ಉಗಿ ಹೊರಹೋಗಲು ದಾರಿಯಿಲ್ಲದೆ ಟ್ಯಾಂಕು ಬಿರಿಯುವುದುಂಟು. ಟ್ಯೂಬುಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು. ನಿಮ್ಮ ಊರು ಸಮಭಾಜಕದಿಂದ ಉತ್ತರಕ್ಕೆ ಸುಮಾರು 15 ಡಿಗ್ರಿಯಲ್ಲಿದೆ, ಪುಷ್ಯಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಚಳಿಗಾಲದಲ್ಲಿಯೇ ಬಿಸಿನೀರು ಹೆಚ್ಚು ಬೇಕು; ಹಾಗಾಗಿ ಅಕ್ಷಾಂಶಕ್ಕೆ ಹತ್ತು ಕೂಡಿಸಿ 25 ಡಿಗ್ರಿಯಷ್ಟು ಓರೆ ಕೊಟ್ಟರೆ ಚೆನ್ನ. ತೆಂಗಿನ ಮರದ ನೆರಳು ಬೀಳದ ಜಾಗ ನೋಡಬೇಕು.

ಮಾರುವವರು ಸೋಲಾರ್ ಟ್ಯಾಂಕಿನಲ್ಲಿ ಕರೆಂಟಿನ ಕಾಯಿಲನ್ನೂ ಕೂಡಿಸಿಕೊಡುತ್ತೇವೆ, ಮೋಡದ ದಿನಕ್ಕೆ ಆಗುತ್ತದೆ ಎನ್ನುತ್ತಾರೆ. ಬೇಡವೆನ್ನು. 200 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಎಂಟು ಯೂನಿಟ್ ಬೇಕು. ಎರಡೇ ಬಕೆಟ್ಟು ಬೇಕಾದ ದಿನವೂ ಅದು ಇಡೀ ಟ್ಯಾಂಕನ್ನೇ ಕಾಯಿಸುತ್ತ ಕೂರುತ್ತದೆ. ಸಬ್ಸಿಡಿ ಕೊಡಿಸುತ್ತೇವೆಂದು ಹೇಳಿದರೂ ನಂಬಬೇಡ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನವು ಮನೆಯ ಮೇಲೆ ವಿದ್ಯುತ್ ತಯಾರಿಸುವ ಫಲಕಗಳಿಗೆ ಸಿಗುತ್ತದೆಯೇ ಹೊರತು ನೀರು ಕಾಯಿಸುವ ಸೋಲಾರಿಗಲ್ಲ.

ಹಂಡೆಯನ್ನು ಉಳಿಸಿಕೊಳ್ಳಿ ಎಂದದ್ದು ಹಳೆಯದರ ಮೇಲಿನ ಮೋಹದಿಂದಲ್ಲ. ಗದಗಿನಂಥ ಬಯಲುಸೀಮೆಯಲ್ಲಿ ಸೋಲಾರೊಂದೇ ವರ್ಷದ ಬಹುಪಾಲು ಸಾಕಾದೀತು. ನಿಮ್ಮದು ಮಲೆನಾಡಿನ ಅಂಚು. ಆಷಾಢ ಶ್ರಾವಣಗಳಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಆ ದಿನಗಳಿಗೆ ನಿಮ್ಮಲ್ಲಿ ಉರುವಲಿಗೆ ಬರವಿಲ್ಲ; ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು, ಹತ್ತಿಯ ಕಟ್ಟಿಗೆ, ತೆಂಗಿನ ಗರಿ ಹಿತ್ತಲಿನಲ್ಲಿ ರಾಶಿ ಬಿದ್ದಿರುತ್ತವೆ. ಕೊರತೆಯಿರುವುದು ಒಲೆಯಲ್ಲಿ. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 15 ಮೆಗಾಜೂಲ್ ಶಾಖವಿದೆ, ಆರು ಬಕೆಟ್ಟು ನೀರಿಗೆ ನಿಜವಾಗಿ ಬೇಕಾದದ್ದು ಹತ್ತೇ ಮೆಗಾಜೂಲ್. ಅಂದರೆ ಶಾಖವೆಲ್ಲ ನೀರಿಗೇ ಸೇರುವುದಾದರೆ ಒಂದು ಕಿಲೋ ಕಟ್ಟಿಗೆಯೂ ಹೆಚ್ಚಾಯಿತು. ಈಗಿನ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿಗೆ ಮುಟ್ಟಿ, ಉಳಿದದ್ದು ಗೋಡೆಗೂ ಗಾಳಿಗೂ ಹೋಗುವುದರಿಂದ ಆರೇಳು ಕಿಲೋ ಉರಿಯುತ್ತದೆ. ಅದರ ಹೊಗೆಯನ್ನು ಕುಡಿಯುವವರು ನಿನ್ನ ಅತ್ತೆಯವರು. ಐದು ಗಂಟೆಗೆ ಎದ್ದು ಊದುಗೊಳವೆ ಹಿಡಿದು ಕೂರುವ ಅವರ ಕೆಮ್ಮನ್ನು ಕಳೆದ ಬಾರಿ ಬಂದಾಗ ಕೇಳಿದ್ದೇನೆ. ಈ ಪತ್ರವನ್ನು ಇಷ್ಟು ದೀರ್ಘವಾಗಿ ಬರೆಯಲು ಅದೂ ಒಂದು ಕಾರಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಅಡುಗೆಗೆ ರೂಪಿಸಿದ ಅಸ್ತ್ರ ಒಲೆಯನ್ನು ನೀನು ನೋಡಿರಬಹುದು. ಅದರ ತತ್ವವೇ ಹಂಡೆಯ ಒಲೆಗೂ ಸಾಕು. ಉರಿಯ ಕೆಳಗೆ ಕಬ್ಬಿಣದ ಜಾಳಿಗೆಯಿಟ್ಟು ಕೆಳಗಿನಿಂದ ಗಾಳಿ ಬರುವಂತೆ ಮಾಡಬೇಕು; ಹಂಡೆಯ ಸುತ್ತ ಎರಡು ಬೆರಳಿನಷ್ಟು ಸಂದು ಮಾತ್ರ ಬಿಟ್ಟು ಮಣ್ಣಿನ ಗೋಡೆ ಕಟ್ಟಿದರೆ ಬಿಸಿ ಹೊಗೆ ಹಂಡೆಯ ಮೈಯನ್ನು ಸವರಿಕೊಂಡು ಹಿಂದಿನ ಕೊಳವೆಯನ್ನು ಸೇರುತ್ತದೆ. ಕೊಳವೆ ಸೂರಿಗಿಂತ ಎರಡು ಅಡಿಯಾದರೂ ಮೇಲೆ ಹೋಗಲಿ. ಒಲೆಯ ಬಾಯಿ ಈಗಿನಂತೆ ಬಚ್ಚಲಿನ ಒಳಗೆ ಬೇಡ, ಹಿತ್ತಲ ಕಡೆ ತಗಡಿನ ಮಾಡು ಇಳಿಸಿ ಅಲ್ಲಿ ಇಡಿಸಿ. ಹಂಡೆಗೆ ಮುಚ್ಚಳ ಮಾಡಿಸಿ, ಹೊರಮೈಯ ಮಸಿಯನ್ನೂ ಒಳಗಿನ ಸುಣ್ಣವನ್ನೂ ಆಗಾಗ ಕೆರೆದು ತೆಗೆಯಿರಿ, ಎರಡೂ ಶಾಖವನ್ನು ತಡೆಯುತ್ತವೆ. ಬೂದಿಯನ್ನು ಬಿತ್ತನೆಯ ಕಾಳಿಗೆ ಬೆರೆಸುವ ಅತ್ತೆಯವರ ರೂಢಿಗೂ ಇದರಿಂದ ಅಡ್ಡಿಯಿಲ್ಲ.

ಗವಂಡಿ ಗೋಡೆಗೆ ಗಿಲಾವು ಮಾಡುವ ಮೊದಲೇ ಬಿಸಿನೀರಿನ ಕೊಳವೆಯನ್ನು ಹಾಕಿಸಬೇಕು. ಸಾಮಾನ್ಯ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಸಿಪಿವಿಸಿಯೇ ಆಗಬೇಕು, ಮೇಲೆ ಶಾಖ ತಡೆಯುವ ಹೊದಿಕೆ ಸುತ್ತಿಸಬೇಕು. ಸೋಲಾರಿನಿಂದ ಬಚ್ಚಲಿಗೆ ಇರುವ ದೂರ ಹೆಚ್ಚಿದಷ್ಟೂ ಪ್ರತಿ ಬಾರಿ ಕೊಳವೆಯಲ್ಲಿ ಆರಿ ನಿಂತ ನೀರು ಮೊದಲು ಬರುತ್ತದೆ, ಅದನ್ನು ಚೆಲ್ಲದೆ ಬಕೆಟ್ಟಿನಲ್ಲಿ ಹಿಡಿದುಕೊಳ್ಳಿ. ಸೋಲಾರನ್ನೂ ತಣ್ಣೀರಿನ ಟ್ಯಾಂಕನ್ನೂ ಹಳೆಯ ಮಣ್ಣಿನ ಮಾಳಿಗೆಯ ಮೇಲೆ ಏರಿಸಬೇಡಿ. 200 ಲೀಟರ್ ನೀರೆಂದರೆ 200 ಕಿಲೋ, 500 ಲೀಟರಿನ ಟ್ಯಾಂಕು ಬೇರೆ. ಹೊಸ ಬಚ್ಚಲಿನ ಸ್ಲ್ಯಾಬಿನ ಮೇಲೆ ಕೂಡಿಸುವುದಾದರೆ ಆ ಭಾರವನ್ನು ಗವಂಡಿಗೆ ಈಗಲೇ ಹೇಳಿ ಸರಳು ಹಾಕಿಸಿ. ಸೋಲಾರಿನ ನೀರು ಬೇಸಿಗೆಯಲ್ಲಿ ಮೈ ಸುಡುವಷ್ಟು ಕಾಯುತ್ತದೆ, ಮಕ್ಕಳ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ಬಚ್ಚಲಿನ ಉದ್ದ ಅಗಲ, ತಣ್ಣೀರಿನ ಟ್ಯಾಂಕು ಇಡುವ ಎತ್ತರ, ದಕ್ಷಿಣ ದಿಕ್ಕಿಗೆ ಯಾವ ಮರವಿದೆ ಎಂಬುದನ್ನು ಬರೆದು ಕಳಿಸು. ಇಲ್ಲಿ ನಮ್ಮ ಓಣಿಯಲ್ಲಿ ಸೋಲಾರ್ ಕೂಡಿಸುವ ಹುಡುಗ ನಂಬಿಗಸ್ಥನಿದ್ದಾನೆ, ಅವನಿಗೆ ತೋರಿಸಿ ದರ ವಿಚಾರಿಸುತ್ತೇನೆ. ಒಲೆಯ ಬಾಯಿ ಎಷ್ಟು ಎತ್ತರಕ್ಕಿದ್ದರೆ ಬೆನ್ನು ಬಾಗಿಸದೆ ಕಟ್ಟಿಗೆ ನೂಕಬಹುದೆಂದು ಅತ್ತೆಯವರನ್ನೇ ಕೇಳಿ, ಅವರ ಮಾತಿನಂತೆ ಗವಂಡಿಗೆ ಗುರುತು ಹಾಕಿಸು.

ಬೀಗರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ಅವ್ವ