ಮಗಳಿಗೊಂದು ಪತ್ರ: ಮೈಕಿನ ಮುಂದೆ ಅವಳ ಹೆಸರು

ಪುಟ್ಟಿ,

ನಿನ್ನೆ ಆಡಿದ ಮಾತನ್ನೆಲ್ಲ ಮತ್ತೆ ಕೆದಕಲ್ಲ. ಮಧ್ಯದಲ್ಲೇ ಫೋನ್ ಇಟ್ಟದ್ದು ನನ್ನ ತಪ್ಪು. ಆದರೆ ನಿನ್ನ ಫುಟ್‌ಬಾಲ್ ತಂಡ ಸೋತ ಮೇಲೆ, ಕೋಚ್ ಆದ ನೀನೇ ಮೈಕಿನ ಮುಂದೆ ಗೋಲ್‌ಕೀಪರ್ ಹುಡುಗಿಯ ಹೆಸರೆತ್ತಿ ತಪ್ಪು ಅವಳದು ಅಂದೆಯಲ್ಲ, ರಾತ್ರಿಯಿಡೀ ಅದೇ ಯೋಚನೆ.

ದೊಡ್ಡ ದೊಡ್ಡ ಮ್ಯಾನೇಜರುಗಳೇ ಹಾಗೆ ಮಾಡ್ತಾರೆ ಅಂದೆ. ಮಾಡ್ತಾರೆ, ನಿಜ. 2017ರ ಏಪ್ರಿಲ್ 4, ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಓಲ್ಡ್ ಟ್ರ್ಯಾಫರ್ಡ್ ಮೈದಾನ, ಎದುರಿಗೆ ಎವರ್ಟನ್. ಬದಲಿಯಾಗಿ ಇಳಿದ ಯುನೈಟೆಡ್‌ನ ಲ್ಯೂಕ್ ಶಾ ಕೊನೇ ಗಳಿಗೆಯಲ್ಲಿ ಹೊಡೆದ ಚೆಂಡು ಎವರ್ಟನ್‌ನ ಆಶ್ಲಿ ವಿಲಿಯಮ್ಸ್ ಕೈಗೆ ತಾಗಿತು. ಪೆನಾಲ್ಟಿ ಸಿಕ್ಕಿತು, ಇಬ್ರಾಹಿಮೋವಿಚ್ 1-1 ಮಾಡಿದ. ಸೋಲು ತಪ್ಪಿಸಿದ ಹೊಡೆತ ಆ ಹುಡುಗನದು. ಪಂದ್ಯ ಮುಗಿದ ಮೇಲೆ ಅವನ ಮ್ಯಾನೇಜರ್ ಮೊರಿನ್ಯೊ ಏನಂದರು? ದೇಹ ಅವನದು, ಮಿದುಳು ನನ್ನದು, ಅವನ ಪ್ರತಿ ನಿರ್ಧಾರವನ್ನೂ ಗೆರೆಯಾಚೆಯಿಂದ ನಾನೇ ಮಾಡ್ತಿದ್ದೆ ಅನ್ನುವ ಅರ್ಥದ ಮಾತು. ಶಾಗೆ ಆಗ 21 ವರ್ಷ. ಒಂದೂವರೆ ವರ್ಷದ ಹಿಂದಷ್ಟೇ ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಆಡುವಾಗ ಬಲಗಾಲು ಎರಡು ಕಡೆ ಮುರಿದು, ಕಾಲೇ ಹೋಗುವ ಹಂತ ಮುಟ್ಟಿ ಬಂದವನು.

ತಂಡಕ್ಕೆಲ್ಲ ಸೇರಿಸಿ ಬೈದರೂ ಗತಿ ಅದೇ. 2023ರ ಮಾರ್ಚ್‌ನಲ್ಲಿ ಸೌತಾಂಪ್ಟನ್ ವಿರುದ್ಧ 3-1 ಮುಂದಿದ್ದ ಪಂದ್ಯ 3-3 ಆದಾಗ ಟಾಟನ್‌ಹ್ಯಾಮ್ ಮ್ಯಾನೇಜರ್ ಕೊಂಟೆ ತನ್ನ ಆಟಗಾರರನ್ನೇ ಸ್ವಾರ್ಥಿಗಳು ಅಂದರು. 8 ದಿನಕ್ಕೆ ಆ ತಂಡ ಬಿಟ್ಟರು.

ಗೋಲ್‌ಕೀಪರ್ ವಿಷಯದಲ್ಲಿ ಪೆಟ್ಟು ಎಲ್ಲಿ ಬೀಳುತ್ತೆ ಗೊತ್ತಾ? ಮುಂದಿನ ಪಂದ್ಯದಲ್ಲಿ ಪಕ್ಕದಿಂದ ಗೋಲಿನ ಮುಂದೆ ಹಾರಿಬರುವ ಕ್ರಾಸ್ ಹಿಡಿಯಲು ಅವಳು ಗೋಲಿನ ಗೆರೆ ಬಿಟ್ಟು ಬರಲ್ಲ. ಹತ್ತಿರದವರಿಗೆ ಪಾಸ್ ಕೊಡದೆ ಸುಮ್ಮನೆ ದೂರ ಒದೀತಾಳೆ. ಅವಳು ಬರಲ್ಲ ಅಂತ ಡಿಫೆಂಡರುಗಳು ನಾಲ್ಕೈದು ಹೆಜ್ಜೆ ಹಿಂದೆ ಸರೀತಾರೆ. ಮಿಡ್‌ಫೀಲ್ಡ್‌ಗೂ ಅವರಿಗೂ ನಡುವೆ ಖಾಲಿ ಜಾಗ ತೆರೆಯುತ್ತೆ, ಗೋಲು ಅಲ್ಲಿಂದಲೇ ಬರುತ್ತೆ. ಆಗಲೂ ಬೈಗುಳ ಅವಳಿಗೇ. ಬೆಂಚಿನಲ್ಲಿ ಕೂತವರು ಮುಂದಿನ ಸರದಿ ಯಾರದು ಅಂತ ನಿನ್ನ ಮುಖ ನೋಡ್ತಾರೆ.

ಸೀಟಿ ಊದಿದ ಮೇಲೆ ಹತ್ತು ನಿಮಿಷ ಮೈಕಿನ ಹತ್ತಿರ ಹೋಗಬೇಡ, ಮೊದಲು ಅವಳ ಹತ್ತಿರ ಹೋಗು. ಪತ್ರಕರ್ತರು ಹೆಸರು ಹಿಡಿದು ಕೇಳಿದರೆ, "ಕಾರ್ನರ್ ಕಾಯುವ ವ್ಯವಸ್ಥೆ ನನ್ನದು, ಅದು ಕೈಕೊಟ್ಟಿತು" ಅನ್ನು. ಮಾರನೇ ದಿನ ಮೂರೇ ವಿಡಿಯೊ ತುಣುಕು: ಎರಡು ಅವಳು ಸರಿಯಾಗಿ ಆಡಿದ್ದು, ಒಂದು ತಪ್ಪಿದ್ದು. ಏನು ಕಂಡಿತು ಅಂತ ಮೊದಲು ಅವಳೇ ಹೇಳಲಿ. ಕೈಬಿಡೋದೇ ಆದರೆ ಪಟ್ಟಿ ಹಾಕುವ ಮುಂಚೆ ಮುಖ ನೋಡಿ ಹೇಳು. 2023ರ ಸೆಪ್ಟೆಂಬರ್‌ನಲ್ಲಿ, ಆಗ ಯುನೈಟೆಡ್ ಮ್ಯಾನೇಜರ್ ಆಗಿದ್ದ ಟೆನ್ ಹಾಗ್ ಅಭ್ಯಾಸ ಸಾಲದು ಅಂತ ಸ್ಯಾಂಚೊನನ್ನು ಕೈಬಿಟ್ಟ ಕಾರಣವನ್ನು ಪತ್ರಕರ್ತರಿಗೆ ಹೇಳಿದರು. ಅವನು ಅದು ಸುಳ್ಳು ಅಂತ ಜಗತ್ತಿಗೇ ಬರೆದ. ಜನವರಿಗೆ ಜರ್ಮನಿಯ ಡಾರ್ಟ್‌ಮುಂಡ್ ತಂಡ ಸೇರಿದ್ದ.

ಪಾಠ ಮಾಡಲ್ಲ ಅಂದುಕೊಂಡೇ ಕೂತಿದ್ದೆ, ಮಾಡಿಬಿಟ್ಟೆ. ಆ ಮಕ್ಕಳನ್ನು ಒಂದು ತಂಡವಾಗಿ ನಿಲ್ಲಿಸಿದವಳು ನೀನು, ಅದರ ಹೆಮ್ಮೆ ನನಗೆ ಎಷ್ಟಿದೆ ಅಂತ ನಿನಗೆ ಗೊತ್ತಿಲ್ಲ.

ಮತ್ತೆ ಶಾ ನೆನಪೇ ಬರ್ತಿದೆ. 2021ರ ಜುಲೈ 11, ಲಂಡನ್ನಿನ ವೆಂಬ್ಲಿ, ಯೂರೊ ಫೈನಲ್, ಇಂಗ್ಲೆಂಡ್ ಪರ ಆಡ್ತಿದ್ದ. ಚೆಂಡನ್ನು ಜೊತೆಯವನಿಗೆ ಕೊಟ್ಟು, ತಾನೇ ಗೋಲಿನ ದೂರದ ಕಂಬದವರೆಗೆ ಓಡಿಬಂದು, ಎರಡನೇ ನಿಮಿಷದಲ್ಲಿ ಗೋಲು ಹೊಡೆದ. ಎಲ್ಲಿಗೆ ಓಡಬೇಕು ಅಂತ ಲೆಕ್ಕ ಹಾಕಿದ್ದು ಅವನೇ. ಆದರೆ ನಡುವೆ ನಾಲ್ಕು ವರ್ಷ ಕಳೆದಿತ್ತು ಪುಟ್ಟಿ. ನಿನ್ನ ಹುಡುಗಿಗೆ ಹದಿನೇಳು. ಅಷ್ಟು ದಿನ ಅವಳು ಕಾಯ್ತಾಳಾ, ಆಟವನ್ನೇ ಬಿಟ್ಟುಬಿಡ್ತಾಳಾ ಅನ್ನೋದೇ ನನ್ನ ಭಯ.

ಇವತ್ತೇ ಅವಳಿಗೆ ಫೋನ್ ಮಾಡು. ಎಲ್ಲರೆದುರು ಅಂದದ್ದನ್ನು ನಾಳೆ ಅಭ್ಯಾಸದಲ್ಲಿ ಎಲ್ಲರೆದುರೇ ವಾಪಸ್ ತಗೋ. ಶನಿವಾರದ ಪಂದ್ಯ ಎಷ್ಟು ಗಂಟೆಗೆ ಅಂತ ತಿಳಿಸು, ಬರ್ತೀನಿ.

ನಿನ್ನ
ಅಮ್ಮ