ಎಷ್ಟು ಗೋಲ್ ಅಂತ ಇನ್ನು ಕೇಳುವುದಿಲ್ಲ

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಾ,

ನಿನ್ನ ಕಾಗದ ಗುರುವಾರ ಬಂತು. ಅಜ್ಜಿಯ ಮಂಡಿ ನೋವು, ನಾಲೆ ನೀರು, ಗದ್ದೆ ಕಥೆ ಎಲ್ಲ ನಿನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿಯಾಗಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಎರಡನೇ ಪುಟದ ಕೊನೆಯಲ್ಲಿ ನೀನು ಬರೆದ ಒಂದು ಮಾತಿಗೋಸ್ಕರ ಈ ಕಾಗದ.

"ತಾತ, ಗೋಲ್ ಹೊಡೆದ ದಿನ ನಾನು ಇವರ ಹುಡುಗ. ಹೊಡೆಯದ ದಿನ ಇಂಡಿಯಾದವನು. ಗೋಲ್ ನಿಂತೇ ಹೋದರೆ ನಾನು ಯಾರು?"

ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಬಂದಿಲ್ಲ. ನೀನು ಹುಟ್ಟಿದ್ದು ಬೆಲ್ಜಿಯಂನ ಲುವೆನ್‌ನಲ್ಲಿ. ನಡೆಯೋಕೆ ಕಲಿತದ್ದು ಅಲ್ಲೇ, ಬಾಲ್ ಒದ್ದದ್ದೂ ಅಲ್ಲೇ. ಏಳು ಮ್ಯಾಚಿನಲ್ಲಿ ಗೋಲ್ ಬರಲಿಲ್ಲ ಅಂತ ಗೆರೆಯಾಚೆ ನಿಂತವರು ಏನೋ ಅಂದರೆ, 17 ವರ್ಷದ ಹುಡುಗ ತಾನು ಯಾರು ಅಂತ ಕೇಳಬೇಕಾ?

ವಿಡಿಯೋ ಕಾಲ್ ಮಾಡಿದಾಗ ನಿನ್ನ ಮಂಚದ ಹಿಂದೆ ಬೆಲ್ಜಿಯಂ ಫುಟ್‌ಬಾಲ್ ತಂಡದ ಲುಕಾಕು ಚಿತ್ರ ಕಾಣುತ್ತದೆ. ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕೂರಿಸಿಕೊಂಡು ಅವನ ವಿಷಯ ಎಲ್ಲ ಓದಿಸಿಕೊಂಡೆ. ನಿನಗೆ ಗೊತ್ತಿರುವುದೇ ಜಾಸ್ತಿ. ಆದರೂ ನನಗೆ ನಾಟಿದ್ದನ್ನು ಹೇಳುತ್ತೇನೆ.

ಅವನ ಅಪ್ಪ ಅಮ್ಮ ಕಾಂಗೋದಿಂದ ಬಂದವರು. ಅವನು ಹುಟ್ಟಿದ್ದು 1993ರಲ್ಲಿ ಆಂಟ್ವರ್ಪ್‌ನಲ್ಲಿ. ಅಪ್ಪನೂ ಫುಟ್‌ಬಾಲ್ ಆಡಿದವನೇ. ಆಟ ಮುಗಿಯಿತು, ದುಡ್ಡೂ ಮುಗಿಯಿತು. ಆರು ವರ್ಷದವನಿದ್ದಾಗ ಒಂದು ದಿನ ಅಡುಗೆಮನೆಗೆ ಬಂದು ನೋಡುತ್ತಾನೆ, ಅಮ್ಮ ಹಾಲಿಗೆ ನೀರು ಬೆರೆಸುತ್ತಿದ್ದಾಳೆ. ವಾರಪೂರ್ತಿ ಬರಲಿ ಅಂತ. ಇದನ್ನು ಕೇಳಿ ನಾನು ಸುಮ್ಮನಾಗಿಬಿಟ್ಟೆ. ಊರಿನ ಹಾಲಿನ ಡೈರಿಯಲ್ಲಿ 20 ವರ್ಷ ಲೆಕ್ಕ ಬರೆದವನು ನಾನು. ಹಾಲಿಗೆ ನೀರು ಅಂದರೆ ನನಗೆ ಮೋಸ ಅನ್ನುವ ಒಂದೇ ಅರ್ಥ ಗೊತ್ತಿತ್ತು. ಕೊಳವೆ ಅದ್ದಿ ನೋಡಿ ಎಷ್ಟು ಹೆಂಗಸರನ್ನು ವಾಪಸ್ ಕಳಿಸಿದ್ದೇನೋ. ಅವರ ಮನೆಯಲ್ಲಿ ಮಕ್ಕಳಿಗೆ ಏನು ಉಳಿದಿತ್ತು ಅಂತ ಒಂದು ದಿನವೂ ಕೇಳಲಿಲ್ಲ.

ಅವನಿಗೆ 11 ವರ್ಷ ಇದ್ದಾಗ ಎದುರು ತಂಡದ ಹುಡುಗನ ಅಪ್ಪನೋ ಅಮ್ಮನೋ, ಇವನ ವಯಸ್ಸೆಷ್ಟು, ಗುರುತಿನ ಚೀಟಿ ಎಲ್ಲಿ, ಎಲ್ಲಿಂದ ಬಂದವನು ಅಂತ ತಡೆದು ಕೇಳಿದರಂತೆ. ಅವನು ಬ್ಯಾಗಿನಿಂದ ಚೀಟಿ ತೆಗೆದು ತೋರಿಸಿದ. ದೊಡ್ಡವರೆಲ್ಲ ಕೈಯಿಂದ ಕೈಗೆ ಕೊಟ್ಟು ನೋಡಿದರಂತೆ. ಅದೇ ಹುಡುಗ 16 ತುಂಬಿ 11 ದಿನಕ್ಕೆ ಆಂಡರ್ಲೆಕ್ಟ್ ಕ್ಲಬ್ ಪರವಾಗಿ ಮೈದಾನಕ್ಕೆ ಇಳಿದ. ಇವತ್ತು ಬೆಲ್ಜಿಯಂಗೆ ಎಲ್ಲರಿಗಿಂತ ಹೆಚ್ಚು ಗೋಲ್ ಹೊಡೆದವನು ಅವನೇ. ಆದರೂ 2018ರಲ್ಲಿ ಅವನು ಹೇಳಿಕೊಂಡದ್ದು ನಿನ್ನ ಮಾತೇ, ಪುಟ್ಟಾ. ಚೆನ್ನಾಗಿ ಆಡಿದರೆ ಪೇಪರಿನವರಿಗೆ ಅವನು ಬೆಲ್ಜಿಯಂ ಆಟಗಾರ. ಆಡದಿದ್ದರೆ ಕಾಂಗೋ ಮೂಲದ ಬೆಲ್ಜಿಯಂ ಆಟಗಾರ.

ಅಷ್ಟು ಗೋಲ್ ಹೊಡೆದವನಿಗೇ ಆ ಮಾತು ತಪ್ಪಲಿಲ್ಲ. ಹಾಗಾದರೆ ಇನ್ನೂ ಎರಡು ಗೋಲ್ ಹೊಡೆದುಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತ ನಾನು ನಿನಗೆ ಹೇಗೆ ಹೇಳಲಿ? ನಾಲ್ಕು ದಿನದ ಹಿಂದೆ ಆಗಿದ್ದರೆ ಅದನ್ನೇ ಬರೆಯುತ್ತಿದ್ದೆ.

ಕನ್ನಂಬಾಡಿ ಕಟ್ಟೆ ಕಟ್ಟಿದಾಗ ನಮ್ಮ ತಾತನ ಊರು ನೀರಿನಲ್ಲಿ ಹೋದದ್ದು ನಿನಗೆ ಗೊತ್ತು. ಹೇಳದೇ ಉಳಿಸಿಕೊಂಡದ್ದು ಬೇರೆ ಇದೆ. ಹೊಸ ಊರಿನಲ್ಲಿ ನಾನು ಸ್ಕೂಲಿಗೆ ಹೋಗುವಾಗಲೂ ನಮ್ಮದು 'ಮುಳುಗಡೆಯವರ ಮನೆ'ಯೇ. ಆ ಹೆಸರು ಎಷ್ಟು ಚುಚ್ಚುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಹೈಸ್ಕೂಲಿನಲ್ಲಿ ನಾನು ಕಬಡ್ಡಿ ಕ್ಯಾಪ್ಟನ್. ನಮ್ಮ ತಂಡದಲ್ಲಿ ಒಬ್ಬ ಹುಡುಗ ಇದ್ದ. ಅವನ ಮನೆಯವರು ಬೇರೆ ಸೀಮೆಯಿಂದ ಆಲೆಮನೆ ಕೆಲಸಕ್ಕೆ ಬಂದವರು. ಅವನು ಉಸಿರು ಹಿಡಿದು ಗೆರೆ ದಾಟಿದ ಅಂದರೆ ನಮಗೆ ಪಾಯಿಂಟ್ ಬಂದಂತೆಯೇ. ಚಡ್ಡಿ ಜೇಬಿನಲ್ಲಿ ಬೆಲ್ಲದ ಚೂರು ತಂದು ಎಲ್ಲರಿಗೂ ಹಂಚುತ್ತಿದ್ದ. ಹೋಬಳಿ ಪಂದ್ಯದಲ್ಲಿ ಕೊನೆಯ ಸಲ ಹೋದವನು ಸಿಕ್ಕಿಬಿದ್ದ. ಸೋತೆವು. ಮೊಣಕಾಲು ಕಿತ್ತು ರಕ್ತ ಬರುತ್ತಿತ್ತು. ನನ್ನ ಟವೆಲ್ಲನ್ನೇ ಸುತ್ತಿಕೊಂಡು ಕೂತಿದ್ದ. ನಾನು ಎಲ್ಲರ ಮುಂದೆ ಅಂದೆ, "ಹೊರಗಿನವರನ್ನು ನಂಬಿದರೆ ಹೀಗೇ ಆಗೋದು."

ಅವನು ಏನೂ ಅನ್ನಲಿಲ್ಲ. ಟವೆಲ್ ಬಿಚ್ಚಿದ. ರಕ್ತ ಆದ ಕಡೆ ಒಳಗೆ ಮಾಡಿ ಮಡಿಸಿ, ನನ್ನ ಪಕ್ಕದಲ್ಲಿ ಇಟ್ಟು ಹೊರಟುಹೋದ. ಮತ್ತೆ ಆಟಕ್ಕೆ ಬರಲಿಲ್ಲ. ಆಲೆ ಮುಗಿದ ಮೇಲೆ ಅವರ ಮನೆಯವರೂ ಊರು ಬಿಟ್ಟರು. ಹೋಗಿ ತಪ್ಪಾಯ್ತು ಅನ್ನೋಕೆ ನನಗೆ ಒಂದು ತಿಂಗಳು ಟೈಮ್ ಇತ್ತು. ಹೋಗಲಿಲ್ಲ.

ನಿನ್ನ ಸಾಲು ಓದಿದಾಗ ಮೊದಲು ನೆನಪಾದದ್ದು ಆ ಟವೆಲ್. ಅವನು ನಮ್ಮವನೇ ಆಗಿದ್ದ, ಪುಟ್ಟಾ. ಗೆದ್ದಾಗಲೂ, ಸಿಕ್ಕಿಬಿದ್ದಾಗಲೂ. ತಪ್ಪಿದ್ದು ನನ್ನ ಬಾಯಲ್ಲಿ. ನಿನಗೆ ಹಾಗೆ ಅಂದವರ ವಿಷಯದಲ್ಲೂ ನಾನು ಹೇಳುವುದು ಇಷ್ಟೇ. ಅಂದವನೊಬ್ಬ ಹೇಳುತ್ತಿದ್ದಾನೆ, ನಂಬು.

2018ರ ವಿಶ್ವಕಪ್‌ನಲ್ಲಿ ಜಪಾನ್ ಮೇಲಿನ ಮ್ಯಾಚ್ ನಾವಿಬ್ಬರೂ ಫೋನ್ ಹಿಡಿದುಕೊಂಡೇ ನೋಡಿದ್ದೆವು, ನೆನಪಿದೆಯಾ? ಬೆಲ್ಜಿಯಂ 2-0 ಹಿಂದೆ ಬಿದ್ದು 2-2 ಆಗಿತ್ತು. ಇನ್ನೇನು ಸೀಟಿ ಊದಬೇಕು. ಬಲಗಡೆಯಿಂದ ಬಾಲ್ ಲುಕಾಕು ಕಾಲಿಗೇ ಬಂತು. ಅವನು ಮುಟ್ಟಲಿಲ್ಲ, ಹಾಗೇ ಬಿಟ್ಟ. ಹಿಂದಿದ್ದ ಶಾದ್ಲಿ ಹೊಡೆದ, 3-2. ಮೊದಲೆರಡು ಮ್ಯಾಚಿನಲ್ಲಿ ನಾಲ್ಕು ಗೋಲ್ ಹೊಡೆದಿದ್ದವನು ಆ ದಿನ ಒಂದೂ ಹೊಡೆಯಲಿಲ್ಲ. ಅವತ್ತು ಬಾಲ್ ತಪ್ಪಿಸಿಕೊಂಡ ಅಂತ ನಾನು ಬೈದಿದ್ದೆ. ನೀನು ಹತ್ತು ವರ್ಷದವನು, "ಇಲ್ಲ ತಾತ, ಬೇಕು ಅಂತಲೇ ಬಿಟ್ಟದ್ದು" ಅಂತ ನನಗೆ ಹೇಳಿಕೊಟ್ಟೆ. ಆ ಹುಡುಗ ಈಗ ಗೋಲ್ ಒಂದೇ ಲೆಕ್ಕ ಅಂತ ಯಾಕೆ ಅಂದುಕೊಳ್ಳುತ್ತಾನೆ?

ಯಾಕೆ ಅಂತ ನಿನ್ನೆ ರಾತ್ರಿ ಹೊಳೆಯಿತು. ಪ್ರತಿ ಭಾನುವಾರ ಫೋನ್ ಎತ್ತಿದ ಕೂಡಲೇ ನಾನು ಕೇಳುವುದು ಏನು? "ಎಷ್ಟು ಗೋಲ್?" ಊಟ ಆಯ್ತಾ ಅಂತಲೂ ಅಲ್ಲ.

ಲುಕಾಕುವೂ ಮುಂದೆ ಸೋತ. 2022ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ಮೇಲೆ ಹತ್ತಿರದಿಂದ ಸಿಕ್ಕಿದ್ದೆಲ್ಲ ತಪ್ಪಿತು, ಬೆಲ್ಜಿಯಂ ಮನೆಗೆ ಹೋಯಿತು. ಮೂರು ವರ್ಷವೂ ತುಂಬಿರಲಿಲ್ಲ, 2025ರ ಮೇ ತಿಂಗಳಲ್ಲಿ ಅವನ ಕ್ಲಬ್ ನಾಪೋಲಿ ಇಟಲಿಯ ಲೀಗ್ ಗೆದ್ದ ದಿನ ಗೋಲ್ ಹೊಡೆದವರಲ್ಲಿ ಅವನೂ ಒಬ್ಬ. ನಿನಗೂ ಹೀಗೇ ಆಗುತ್ತೆ ಅಂತ ನಾನು ಹೇಳಲಾರೆ.

ಬುದ್ಧಿ ಹೇಳೋಕೆ ನನಗೆ ಈ ಆಟ ಅಷ್ಟು ಗೊತ್ತಿಲ್ಲ. ಆದರೂ ಒಂದೆರಡು ಮಾತು. ಮ್ಯಾಚ್ ಮುಗಿದ ರಾತ್ರಿ ಫೋನ್ ಅಮ್ಮನ ಕೈಗೆ ಕೊಟ್ಟುಬಿಡು. ಅವರು ಅಂದದ್ದನ್ನು ಕೋಚ್‌ಗೆ ಹೇಳು, ನಾಚಿಕೆ ಬೇಡ. ಅಪ್ಪನಿಗೂ ಹೇಳು, ಅವನು ಸಿಟ್ಟಾಗುತ್ತಾನೆ, ಆಗಲಿ. ಓದು ಬಿಡಬೇಡ ಅಂತ ಹೇಳಬೇಕು ಅನ್ನಿಸುತ್ತೆ. ಅದು ನಿನ್ನ ಭಯಕ್ಕೆ ಔಷಧಿ ಅಲ್ಲ, ಗೊತ್ತು.

ಆ ಹುಡುಗಿ ಇನ್ನೊಂದು ಓದಿದಳು. ಲುಕಾಕು 12 ವರ್ಷದವನಿದ್ದಾಗ ಕಾಂಗೋದಲ್ಲಿದ್ದ ತಾತನಿಗೆ ಫೋನ್ ಮಾಡಿ ತನ್ನ ಗೋಲ್ ಲೆಕ್ಕ ಒಪ್ಪಿಸಿದನಂತೆ. ಯಾವಾಗಲೂ ಆಟದ ವಿಷಯ ಕೇಳುತ್ತಿದ್ದ ತಾತ ಆ ದಿನ, ಅದಿರಲಿ, ನನ್ನ ಮಗಳನ್ನು ನೋಡಿಕೊಳ್ಳುತ್ತೀಯಾ ಅಂದನಂತೆ. ಐದು ದಿನಕ್ಕೆ ತೀರಿಕೊಂಡ.

ಗಾಬರಿಯಾಗಬೇಡ, ನನ್ನ ಬಿಪಿ ಸರಿಯಾಗಿದೆ. ಭಾನುವಾರ ಫೋನ್ ಮಾಡುತ್ತೇನೆ. ಮೈದಾನ ಒದ್ದೆ ಇತ್ತಾ, ಯಾರ ಜೊತೆ ಆಡಿದೆ, ನನ್ನ ಮಗಳು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳಾ, ಇಷ್ಟು ಹೇಳು.

ನಿನ್ನ ತಾತ